ಹುಬ್ಬಳ್ಳಿ ಲೆಕ್ಕದ ಉಪವಾಸ

ಮೊನ್ನೆ ಟೂರಿಸ್ಟ್ ಕ್ಲಬ್ ಏರಿಯಾದಲ್ಲಿ ನಮ್ಮ ಹಳೆಯ ಬಿಲ್ಡಿಂಗಿನ ಕೆಳಗಿರುವ ಬಕಾಲಾಕ್ಕೆ ಹೋಗಿದ್ದೆ. ಬಕಾಲಾ ಅಂದರೆ ಇಲ್ಲಿನ ಕಿರಾಣಿ ಅಂಗಡಿ. ನಾವು ರೀಮ್ ಐಲ್ಯಾಂಡಿಗೆ ಮನೆ ಬದಲಿಸಿ ಎರಡು ವರ್ಷವಾಯಿತು, ಆದರೂ ಬ್ಯಾಡಗಿ ಮೆಣಸಿನಕಾಯಿ ಮುಗಿದರೆ ನಾನು ಹೋಗುವುದು ಅಲ್ಲಿಗೇ. ಅಂಗಡಿಯ ರಫೀಕಣ್ಣ ಊರಿಂದ ಬಂದ ಗೋಡೆ ಕ್ಯಾಲೆಂಡರುಗಳ ಕಟ್ಟು ಬಿಚ್ಚುತ್ತಿದ್ದರು. ತಿಥಿ, ನಕ್ಷತ್ರ, ಅಮಾವಾಸ್ಯೆಗೆ ಕಪ್ಪು ಚುಕ್ಕಿ, ಹುಣ್ಣಿಮೆಗೆ ಬಿಳಿ ಚುಕ್ಕಿ ಇರುವ ಅದೇ ಕ್ಯಾಲೆಂಡರ್. ಹೊಸ ಕಾಗದದ ಮಸಿಯ ವಾಸನೆ ಮೂಗಿಗೆ ಬಡಿದದ್ದೇ ನನಗೆ ನಗು ತಡೆಯಲಾಗಲಿಲ್ಲ.

"ಎಂಥ ಮೇಡಂ, ಕ್ಯಾಲೆಂಡರ್ ನೋಡಿ ನಗುದು?" ಎಂದರು ರಫೀಕಣ್ಣ.

"ಇದನ್ನ ನಂಬಿ ನಮ್ಮಪ್ಪ ಹದಿನೈದು ವರ್ಷ ತಪ್ಪು ದಿನ ಉಪವಾಸ ಮಾಡ್ಯಾರ್ರೀ" ಎಂದೆ. ಅವರಿಗೆ ಅರ್ಥವಾಗಲಿಲ್ಲ. ಅರ್ಥವಾಗಬೇಕಾದರೆ ಕೊರೋನಾ ಹಿಂದೆ ಸರಿಯುತ್ತಿದ್ದ ಆ ವರ್ಷದ ಸೆಪ್ಟೆಂಬರಿನಿಂದ ಹೇಳಬೇಕು. ನನ್ನ ಬದುಕಿನಲ್ಲಿ ಅಷ್ಟು ಸಡಗರದ ಇನ್ನೊಂದು ಋತು ಬಂದಿಲ್ಲ.

ಮೊದಲು ನಾವು ಯಾರು ಎಂಬುದು. ನಾವು ಯಹೂದಿಗಳು. ಹೌದು, ಹುಬ್ಬಳ್ಳಿಯ ಯಹೂದಿಗಳು. ಎಷ್ಟೋ ತಲೆಮಾರುಗಳ ಹಿಂದೆ ಕೊಂಕಣದ ದಂಡೆಗೆ ಬಂದಿಳಿದು, ಗಾಣ ತಿರುಗಿಸಿ ಎಣ್ಣೆ ಮಾರಿ, ಶನಿವಾರ ಮಾತ್ರ ಗಾಣ ನಿಲ್ಲಿಸುತ್ತಿದ್ದ ಬೆನೆ ಇಸ್ರೇಲ್ ಜನ ನಮ್ಮವರು. ಊರಿನವರು ಅವರನ್ನು ಕರೆಯುತ್ತಿದ್ದುದೇ 'ಶನಿವಾರ ತೇಲಿ' ಎಂದು. ನನ್ನ ಅಜ್ಜ ರೈಲ್ವೆ ನೌಕರಿ ಹಿಡಿದು ಹುಬ್ಬಳ್ಳಿಗೆ ಬಂದರು. ಅಪ್ಪ ಸಾಲೊಮನ್ ಅಲ್ಲೇ ಹುಟ್ಟಿ, ಗೂಡ್ಸ್ ಗಾಡಿಯ ಗಾರ್ಡ್ ಆಗಿ, ಅಲ್ಲೇ ನಿವೃತ್ತರಾದರು. ನಮ್ಮ ಮನೆಯೊಳಗೆ ಮರಾಠಿ, ಓಣಿಯಲ್ಲಿ ಕನ್ನಡ; ಜಗಳ ಶುರುವಾದರೆ ಒಳಗೂ ಕನ್ನಡವೇ. ಇಡೀ ಊರಿನಲ್ಲಿ ನಮ್ಮದು ಒಂದೇ ಮನೆ.

ನಮ್ಮ ವರ್ಷದಲ್ಲಿ ಎರಡು ದೊಡ್ಡ ದಿನಗಳು. ಒಂದು ಹೊಸ ವರ್ಷ. ಅದಾದ ಹತ್ತನೆಯ ದಿನ ಕಟ್ಟುನಿಟ್ಟಿನ ಉಪವಾಸ. ವರ್ಷದ ತಪ್ಪುಗಳಿಗೆಲ್ಲ ದೇವರ ಹತ್ತಿರ ಕ್ಷಮೆ ಕೇಳುವ ದಿನ. ನಮ್ಮ ಹಿರಿಯರು ಅದಕ್ಕೆ ಇಟ್ಟ ಹೆಸರು 'ದಾರ್‌ಫಾಳ್ಣಿ', ಬಾಗಿಲು ಹಾಕುವ ಹಬ್ಬ. ಸೂರ್ಯ ಮುಳುಗುವ ಮೊದಲು ಬಿಳಿ ಬಟ್ಟೆಯುಟ್ಟು, ಬಾಗಿಲು ಹಾಕಿಕೊಂಡು, ಮರುದಿನ ಚುಕ್ಕಿ ಕಾಣುವ ತನಕ ಹೊಸ್ತಿಲು ದಾಟಬಾರದು. ಅನ್ನ ನೀರು ಎರಡೂ ಇಲ್ಲ. ನಾವು ಮಕ್ಕಳು ಕಿಟಕಿಯ ಸಂದಿಯಿಂದ ಹೊರಗೆ ನೋಡಿದರೆ ಊರಿಗೆ ಊರೇ ಹೊಸ ಬಟ್ಟೆಯಲ್ಲಿ ಮನೆ ಮನೆಗೆ ಹೋಗಿ ಬನ್ನಿ ಕೊಡುತ್ತಿರುತ್ತಿತ್ತು. ಯಾಕೆಂದರೆ ಅವತ್ತು ದಸರೆ.

ಪ್ರತಿ ವರ್ಷ ಅವತ್ತೇ ದಸರೆ ಯಾಕೆ ಎಂದು ನಾನಾಗಲಿ ಅಪ್ಪನಾಗಲಿ ಒಂದು ದಿನವೂ ಯೋಚಿಸಲಿಲ್ಲ ನೋಡಿ. ಮೊದಲೆಲ್ಲ ಮುಂಬೈಯಿಂದ ಅಪ್ಪನ ಸೋದರತ್ತೆ ನಮ್ಮ ಹಬ್ಬಗಳ ಪಟ್ಟಿಯನ್ನು ಅಂಚೆಯಲ್ಲಿ ಕಳಿಸುತ್ತಿದ್ದರು. ಅವರು ತೀರಿಕೊಂಡ ಮೇಲೆ ಪಟ್ಟಿ ನಿಂತಿತು. ಬೇರೆ ಯಾರನ್ನಾದರೂ ಕೇಳಬಹುದಿತ್ತು. ಗಾರ್ಡ್ ಸಾಹೇಬರು ಕೇಳಲಿಲ್ಲ, ಸ್ವಂತ ಲೆಕ್ಕ ಕಂಡುಹಿಡಿದರು. ದಸರೆಗೆ ಮೊದಲು ಬರುವ ಮಹಾನವಮಿ ಅಮಾಸಿಯ ಮರುದಿನ ಹೊಸ ವರ್ಷ, ಅಲ್ಲಿಂದ ಹತ್ತನೇ ದಿನ ಬಾಗಿಲು ಹಾಕುವುದು. ಹಿಂದಿನ ಎರಡು ವರ್ಷದ ಪಟ್ಟಿಯ ಜೊತೆ ತಾಳೆ ನೋಡಿದರು, ಸರಿ ಬಂತು. ಅಲ್ಲಿಗೆ ನಲವತ್ತೊಂದು ವರ್ಷ ಗೋಡೆ ಕ್ಯಾಲೆಂಡರೇ ನಮ್ಮ ಗುರು.

ಅಬುಧಾಬಿಗೆ ಬಂದ ಮೇಲೆ ನನ್ನ ಭಕ್ತಿ ಅಷ್ಟಕ್ಕಷ್ಟೇ ಆಗಿತ್ತು. ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ, ಶಿಫ್ಟಿನ ಮೇಲೆ ಶಿಫ್ಟು. ಗಂಡ ಮುಂಬೈ ಹತ್ತಿರದ ಠಾಣೆ ಊರಿನವನು, ಸಮುದ್ರದ ನಡುವಿನ ಎಣ್ಣೆ ರಿಗ್ಗಿನಲ್ಲಿ ಇರುವವನು, ರಜೆ ಸಿಕ್ಕ ದಿನವೇ ಹಬ್ಬ ಎನ್ನುವ ಪೈಕಿ. ನಾವು ಯಾರೆಂದು ಇಲ್ಲಿ ಕೇಳಿದರೆ "ಇಂಡಿಯನ್" ಎಂದು ಹೇಳಿ ಸುಮ್ಮನಾಗುತ್ತಿದ್ದೆವು. ಆಮೇಲೆ ಈ ದೇಶ ಇಸ್ರೇಲಿನ ಜೊತೆ ಒಪ್ಪಂದ ಮಾಡಿಕೊಂಡಿತು, ಕಾಲ ಬದಲಾಯಿತು. ದುಬೈಯಲ್ಲಿ ನಮ್ಮವರು ಬಹಿರಂಗವಾಗಿ ಸೇರುತ್ತಾರಂತೆ, ವಿಲ್ಲಾ ಒಂದರಲ್ಲಿ ಪ್ರಾರ್ಥನೆ ನಡೆಯುತ್ತದಂತೆ, ಎಲ್ಲಿಂದಲೋ ರಬ್ಬಿ, ಅಂದರೆ ನಮ್ಮ ಧರ್ಮಗುರು, ಬಂದಿದ್ದಾರಂತೆ ಎಂಬ ಸುದ್ದಿ ವಾಟ್ಸ್ಯಾಪಿನಲ್ಲಿ ಬಂತು. ನನಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಹತ್ತು ಗಂಡಸರು ಕೂಡಿದರೆ ಮಾತ್ರ ಹೇಳಬಹುದಾದ ಪ್ರಾರ್ಥನೆಗಳು ನಮ್ಮಲ್ಲಿವೆ. ಅಪ್ಪ ಜೀವಮಾನವಿಡೀ ಅವನ್ನು ಹಾರಿಸಿಕೊಂಡೇ ಓದಿದವರು. ಈ ವರ್ಷ ಅಪ್ಪನನ್ನು ಅಲ್ಲಿ ಕೂರಿಸಲೇಬೇಕೆಂದು ಹಟ ಹಿಡಿದು ವೀಸಾ ಮಾಡಿಸಿ ಕರೆಸಿದೆ.

ಬಂದ ಮರುದಿನ ಸಂಜೆ ಪಾರ್ಕಿಗೆ ಕರೆದುಕೊಂಡು ಹೋದೆ. ಬೆಂಕಿಯಂಥ ಸೆಕೆ. ಅಪ್ಪ ಒಂದು ಮರದ ಕೆಳಗೆ ಟಕ್ಕನೆ ನಿಂತರು.

"ಇದು ಬನ್ನಿ ಗಿಡ ಅಲ್ಲೇನ?"

"ಇಲ್ಲಿ ಇದಕ್ಕ ಗಾಫ್ ಅಂತಾರ. ಈ ದೇಶದ ಮರ."

"ಯಾವ ದೇಶದ್ದರ ಆಗಲಿ, ಬನ್ನಿ ಬನ್ನೀನ" ಎಂದು ಅಪ್ಪ ಎಲೆ ಮುಟ್ಟಿ ಖುಷಿಪಟ್ಟರು. "ಛಲೋ ಆತು. ದಸರಾಕ್ಕ ಇನ್ನೂ ಒಂದು ತಿಂಗಳದ ಮ್ಯಾಲ ಐತಿ. ಅಷ್ಟರಾಗ ದಾರ್‌ಫಾಳ್ಣಿಗೆ ಹೊಸಾ ಬಿಳಿ ಅಂಗಿ ಹೊಲಸೂಣು."

ನನ್ನ ಬಾಯಿಗೆ ಬ್ರೇಕ್ ಇಲ್ಲ, ಹುಟ್ಟಿದಾಗಿನಿಂದಲೂ ಇಲ್ಲ. "ಒಂದು ತಿಂಗಳ ಎಲ್ಲಿದು ಅಪ್ಪಾ? ಬರೂ ವಾರಾನ ಹೊಸ ವರ್ಷ. ಉಪವಾಸ ಇದ ತಿಂಗಳ. ನೋಡಿಲ್ಲೆ" ಎಂದು ಮೊಬೈಲ್ ಮುಂದೆ ಹಿಡಿದೆ. "ನಿಮ್ಮ ಹುಬ್ಬಳ್ಳಿ ಲೆಕ್ಕ ತಪ್ಪೈತಿ!"

ಎಂಥ ಉತ್ಸಾಹದಲ್ಲಿ ಹೇಳಿದೆ ಎಂದು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಅಪ್ಪ ಮೊಬೈಲನ್ನು ನೋಡಿದರು, ಮರವನ್ನು ನೋಡಿದರು. "ಮನಿಗೆ ಹೋಗೂಣು" ಎಂದರು.

ಮನೆಗೆ ಬಂದವರೇ ಟ್ರಂಕಿನಿಂದ ತಮ್ಮ ದಪ್ಪ ಡೈರಿ ತೆಗೆದರು. ಗಾರ್ಡ್ ಜನಕ್ಕೆ ಬರೆದಿಡುವ ಚಾಳಿ. ಪ್ರತಿ ವರ್ಷ ಯಾವ ತಾರೀಖು ಉಪವಾಸ ಮಾಡಿದರು, ಎಲ್ಲಿ ಮಾಡಿದರು ಎಂಬುದೆಲ್ಲ ಅದರಲ್ಲಿತ್ತು. ನನ್ನ ಹನ್ನೆರಡು ವರ್ಷದ ಮಗಳು ಲೇಯಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವಳ ಮೊಬೈಲಿನಲ್ಲಿ ಹಳೆಯ ವರ್ಷಗಳನ್ನು ಒಂದೊಂದಾಗಿ ತೆಗೆಸಿ ತಾಳೆ ನೋಡಿದರು. ವಿಷಯ ಇಷ್ಟೇ. ನಮ್ಮ ಪಂಚಾಂಗವೂ ಚಂದ್ರನದು, ಊರಿನ ಪಂಚಾಂಗವೂ ಚಂದ್ರನದು. ಎರಡರಲ್ಲೂ ಆಗಾಗ ಅಧಿಕ ಮಾಸ ಬರುತ್ತದೆ. ಆದರೆ ಅವರು ಒಂದು ವರ್ಷ ಸೇರಿಸಿದರೆ ನಾವು ಇನ್ನೊಂದು ವರ್ಷ. ಅಂಥ ವರ್ಷಗಳಲ್ಲೆಲ್ಲ ಅಪ್ಪನ ಹಬ್ಬ ಒಂದು ತಿಂಗಳು ತಡವಾಗಿ ಬಂದಿತ್ತು.

"ಹದಿನೈದು" ಎಂದರು ಅಪ್ಪ ಕೊನೆಗೆ. "ನಲವತ್ತೊಂದರಾಗ ಹದಿನೈದು ತಪ್ಪು."

"ಅಪ್ಪಾ, ಅದಕ್ಕೇನಾತು..."

"ಏನಾತು ಅಂದ್ರ? ದೇವರು ಬಾಗಲಾ ತಗದು ಕುಂತಾಗ ನಾ ಹೊಟ್ಟಿತುಂಬ ಉಂಡು ಡ್ಯೂಟಿಗೆ ಹೋಗೀನಿ. ಆಂವ ಮುಚ್ಚಿ ಹೋದ ಮ್ಯಾಲ ಒಂದು ತಿಂಗಳಿಗೆ ನಾ ಬಾಗಲಾ ಹಾಕ್ಕೊಂಡು ಅತ್ತೀನಿ. ಆ ಹದಿನೈದು ಉಪವಾಸ ಯಾರಿಗೆ ಮುಟ್ಟಿದುವು, ಹೇಳು."

ಅಪ್ಪ ಡೈರಿ ಮುಚ್ಚಿ, "ನಾ ನಿಮ್ಮ ದುಬೈಕ್ಕ ಬರಂಗಿಲ್ಲ. ಅಷ್ಟು ಮಂದಿ ಮುಂದ ಯಾವ ಮಾರಿ ತಗೊಂಡು ಕೂಡ್ರಲಿ" ಎಂದುಬಿಟ್ಟರು. ನಾನು ಯಾವುದಕ್ಕಾಗಿ ಅವರನ್ನು ಕರೆಸಿದ್ದೆನೋ ಅದನ್ನು ನನ್ನ ಕೈಯಾರೆ ಕೆಡಿಸಿದ್ದೆ.

ಹೊಸ ವರ್ಷಕ್ಕೆ ನಾನೂ ಲೇಯಾಳೂ ಇಬ್ಬರೇ ದುಬೈಗೆ ಹೋದೆವು. ಆ ಮುಂಜಾನೆಯನ್ನು ಹೇಗೆ ಹೇಳಲಿ. ವಿಲ್ಲಾದ ಹಾಲಿನಲ್ಲಿ ಮಾಸ್ಕ್ ಹಾಕಿದ ಎಂಬತ್ತು ಜನ. ಪ್ಯಾರಿಸಿನವರು, ಮೊರೊಕ್ಕೋದವರು, ದಕ್ಷಿಣ ಆಫ್ರಿಕಾದವರು. ಟಗರಿನ ಕೊಂಬು ಊದಿದಾಗ ನನ್ನ ಮೈಯೆಲ್ಲ ಜುಮ್ಮೆಂದಿತು. ಹುಬ್ಬಳ್ಳಿಯಲ್ಲಿ ಅಪ್ಪ ಅದನ್ನು ಊದಿದಾಗ ಪಕ್ಕದ ಮನೆಯವರು ಶಂಖ ಎಂದುಕೊಂಡು ಕೈಮುಗಿಯುತ್ತಿದ್ದರು. ಇಲ್ಲಿ ಎಂಬತ್ತು ಜನಕ್ಕೂ ಅದು ಏನೆಂದು ಗೊತ್ತಿತ್ತು. ನಾನು ಹೆಂಗಸರ ಸಾಲಿನಲ್ಲಿ ನಿಂತು ಅತ್ತೆ, ನಕ್ಕೆ, ಪಕ್ಕದ ಗುರುತಿಲ್ಲದ ಹೆಂಗಸಿನ ಕೈ ಹಿಡಿದುಕೊಂಡೆ. ಪ್ರಾರ್ಥನೆ ಮುಗಿದದ್ದೇ ನೇರ ರಬ್ಬಿಯ ಹತ್ತಿರ ಹೋಗಿ ಅಪ್ಪನ ಕಥೆಯನ್ನೆಲ್ಲ ಒದರಿಬಿಟ್ಟೆ. ನನಗಿಂತ ಚಿಕ್ಕ ವಯಸ್ಸಿನವರು, ಕೆಂಪು ಗಡ್ಡ, ಇಂಗ್ಲಿಷು ಬಲು ವೇಗ. ಎಲ್ಲ ಕೇಳಿ, "ಭಾನುವಾರ ನಿಮ್ಮ ಮನೆಗೆ ಬರುತ್ತೇನೆ" ಎಂದರು.

ಬಂದರು. ಊಟದ ಮಡಿ ಬಲು ಕಟ್ಟುನಿಟ್ಟು, ಪೇಪರ್ ಗ್ಲಾಸಿನಲ್ಲಿ ನೀರು ಮಾತ್ರ ಕುಡಿದರು. ಅಪ್ಪ ಬೆಳಿಗ್ಗೆಯೇ ಕ್ಷೌರ ಮಾಡಿಕೊಂಡು ಇಸ್ತ್ರಿ ಅಂಗಿ ಹಾಕಿ ಕಾಯುತ್ತಿದ್ದವರು, ತಮ್ಮ ರೈಲ್ವೆ ಇಂಗ್ಲಿಷಿನಲ್ಲಿ ಸುತ್ತುಬಳಸಿಲ್ಲದೆ ಕೇಳಿದರು: "ಸರ್, ಫಿಫ್ಟೀನ್ ಫಾಸ್ಟಿಂಗ್ ರಾಂಗ್ ಡೇಟ್. ಅಕ್ಸೆಪ್ಟೆಡ್ ಆರ್ ರಿಜೆಕ್ಟೆಡ್?"

ಏನಾದರೂ ಸಮಾಧಾನ ಹೇಳಿಯಾರು ಎಂದು ನಾನು ಕಾದಿದ್ದೆ. ರಬ್ಬಿ, "ಆ ದಿನ ಆ ದಿನವಲ್ಲ. ನಾನು ಸುಳ್ಳು ಹೇಳಲಾರೆ" ಎಂದರು.

ನನಗೆ ರಬ್ಬಿಯ ಮೇಲೆ ಕೆಂಡದಂಥ ಸಿಟ್ಟು ಬಂತು. ಇದನ್ನು ಹೇಳಲು ಒಂದೂವರೆ ತಾಸು ಕಾರು ಓಡಿಸಿಕೊಂಡು ಬರಬೇಕಿತ್ತೇ? ಅಪ್ಪ ಮಾತ್ರ ತಲೆಯಾಡಿಸಿದರು. ತಡವಾದ ಗಾಡಿಯನ್ನು ತಡ ಎಂದೇ ಬರೆಯಬೇಕು ಎನ್ನುವವರು ಅವರು. ಆಗ ರಬ್ಬಿ ಡೈರಿಯ ಕಡೆ ಕೈ ತೋರಿಸಿ, "ಒಂದು ತಪ್ಪು ವರ್ಷ ಓದಿ" ಎಂದರು.

ಅಪ್ಪ ಹಾಳೆ ತಿರುವಿ ಓದಿದರು. ಆ ವರ್ಷ ರಜೆ ಸಿಕ್ಕಿರಲಿಲ್ಲ. ಹುಬ್ಬಳ್ಳಿಯಿಂದ ಲೋಂಡಾಕ್ಕೆ ಗೂಡ್ಸ್ ಗಾಡಿ. ಹೊಸ್ತಿಲು ದಾಟುವ ಹಾಗಿಲ್ಲ, ಡ್ಯೂಟಿ ಬಿಡುವ ಹಾಗಿಲ್ಲ. ಅಪ್ಪ ಹಿಂದಿನ ಸಂಜೆಯೇ ಯಾರ್ಡಿಗೆ ಹೋಗಿ, ಬಿಳಿ ಸಮವಸ್ತ್ರದಲ್ಲಿ ಬ್ರೇಕ್‌ವ್ಯಾನ್ ಹತ್ತಿ ಎರಡೂ ಕಡೆಯ ಬಾಗಿಲು ಹಾಕಿಕೊಂಡರು. ಬ್ರೇಕ್‌ವ್ಯಾನ್ ಎಂದರೆ ಗೂಡ್ಸ್ ಗಾಡಿಯ ಕೊನೆಗೆ ಗಾರ್ಡ್ ಒಬ್ಬನೇ ಕೂರುವ ಡಬ್ಬಿ. ಮರುದಿನ ಕತ್ತಲಾಗುವ ತನಕ ಇಳಿಯಲಿಲ್ಲ. ಹಸಿರು ಬಾವುಟವನ್ನು ಕಿಟಕಿಯಿಂದಲೇ ತೋರಿಸಿದರು. ಅಳ್ನಾವರದಲ್ಲಿ ಸ್ಟೇಷನ್ ಮಾಸ್ತರರು ಚಹಾ ತಂದು ಬಾಗಿಲು ಬಡಿದರೆ ಒಳಗಿನಿಂದ ಹೀಬ್ರೂ ಪ್ರಾರ್ಥನೆ ಕೇಳಿ, ಗಾರ್ಡಿಗೆ ಜ್ವರ ನೆತ್ತಿಗೇರಿದೆ ಎಂದು ಲೋಂಡಾಕ್ಕೆ ಫೋನು ಮಾಡಿದರಂತೆ.

ರಬ್ಬಿ ಮೇಜು ಕುಟ್ಟಿ ನಕ್ಕರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅಪ್ಪನಿಗೂ ನಗು ತಡೆಯಲಾಗಲಿಲ್ಲ. ಆಮೇಲೆ ರಬ್ಬಿ ಎದ್ದು ನಿಂತು, "ನಾನು ಹುಟ್ಟಿದಾಗಿನಿಂದ ಈ ದಿನವನ್ನು ಯಾರೋ ನನಗೆ ನೆನಪಿಸಿದ್ದಾರೆ. ನಿಮಗೆ ಯಾರೂ ನೆನಪಿಸಲಿಲ್ಲ. ಗುರುವಾರದ ಉಪವಾಸಕ್ಕೆ ನಿಮಗಾಗಿ ಕುರ್ಚಿ ಇಟ್ಟಿರುತ್ತೇನೆ" ಎಂದು ಹೇಳಿ ಹೊರಟುಹೋದರು.

ಪ್ರಾರ್ಥನೆಗೆ ಬರುತ್ತೇನೆಂದು ಒಪ್ಪದಿದ್ದರೂ ಅಪ್ಪ ಬುಧವಾರ ಮಧ್ಯಾಹ್ನ ನಮ್ಮ ಜೊತೆ ದುಬೈಗೆ ಬಂದರು. ಉಪವಾಸದ ದಿನ ವಾಹನ ಹತ್ತುವ ಹಾಗಿಲ್ಲವಾದ್ದರಿಂದ ವಿಲ್ಲಾಕ್ಕೆ ಹತ್ತು ನಿಮಿಷದ ದಾರಿಯ ಹೋಟೆಲಿನಲ್ಲಿ ರೂಮು ಮಾಡಿದ್ದೆ. ಸಂಜೆ ಐದಾಯಿತು. ಅಪ್ಪ ಬಿಳಿ ಅಂಗಿ ಹಾಕಿ, ಕ್ಯಾನ್ವಾಸ್ ಬೂಟು ಕಟ್ಟಿ, ಮಂಚದ ಮೇಲೆ ಕೂತುಬಿಟ್ಟರು.

"ನೀವಿಬ್ರೂ ಹೋಗ್ರಿ. ನಾ ಇಲ್ಲೇ ಬಾಗಲಾ ಹಾಕ್ಕೊತೀನಿ. ದಾರ್‌ಫಾಳ್ಣಿ ದಿನ ನಾ ಎಂದೂ ಹೊಸ್ತಿಲಾ ದಾಟಿಲ್ಲ. ದಿನಾ ಅಂತೂ ತಪ್ಪಿತು, ಇದೊಂದರ ಉಳೀಲಿ."

ನಾನು ಬಾಯಿ ತೆರೆದೆ. ದೇವರು ದೊಡ್ಡವನು, ಆ ಹೊತ್ತಿಗೆ ಲೇಯಾ ನನ್ನನ್ನು ತಡೆದಳು. ಅವಳು ಗಡಿಯಾರ ನೋಡಿ, "ಅಜ್ಜಾ, ಸನ್‌ಸೆಟ್‌ಗೆ ಸ್ಟಿಲ್ ಒನ್ ಅವರ್ ಇದೆ. ರೂಲ್ ಇನ್ನೂ ಸ್ಟಾರ್ಟ್ ಆಗಿಲ್ಲ. ಅಲ್ಲಿಗೇ ಹೋಗಿ ಒಳಗಡೆ ಡೋರ್ ಕ್ಲೋಸ್ ಮಾಡ್ಕೊಳ್ಳಿ. ನಾಳೆ ಸ್ಟಾರ್ಸ್ ಬಂದ ಮೇಲೆ ಹೊರಗೆ ಬನ್ನಿ. ಬ್ರೇಕ್‌ವ್ಯಾನ್ ತರಹ" ಎಂದಳು.

ಅಪ್ಪ ಅವಳನ್ನೇ ನೋಡಿದರು. ಇದರಲ್ಲಿ ನಿಯಮ ಎಲ್ಲಾದರೂ ಮುರಿಯುತ್ತದೆಯೇ ಎಂದು ಅವರು ತಲೆಯಲ್ಲಿ ತಪಾಸಣೆ ಮಾಡುವುದು ನನಗೆ ಕಾಣುತ್ತಿತ್ತು. ಮುರಿಯುವುದಿಲ್ಲ. "ಹೌದಲ್ಲ" ಎಂದು ಎದ್ದರು. ನಾನು ಚೀಲ ಹುಡುಕುವಷ್ಟರಲ್ಲಿ ಅಜ್ಜ ಮೊಮ್ಮಗಳು ಲಿಫ್ಟಿನಲ್ಲಿದ್ದರು.

ಹೀಗೆ ನನ್ನ ಎಪ್ಪತ್ನಾಲ್ಕು ವರ್ಷದ ಅಪ್ಪ ಇಪ್ಪತ್ತೈದು ತಾಸು ಆ ವಿಲ್ಲಾದಲ್ಲೇ ಉಳಿದರು. ಉಳಿದವರೆಲ್ಲ ಮಲಗಲು ಮನೆಗೆ ಹೋದರೆ ಅಪ್ಪ ಪುಸ್ತಕದ ಕೋಣೆಯ ಸೋಫಾದ ಮೇಲೆ. ಗೇಟಿನ ಸೆಕ್ಯೂರಿಟಿಯ ನೇಪಾಳಿಗೆ ಈ ಮುದುಕರು ಯಾಕೆ ಹೋಗುತ್ತಿಲ್ಲ ಎಂಬ ಚಿಂತೆ. ಮರುದಿನ ಮಧ್ಯಾಹ್ನ ಪ್ರಾರ್ಥನೆಗೆ ಬಿಡುವಿದ್ದಾಗ ನಾನು ಇಣುಕಿ ನೋಡಿದರೆ, ಹಸಿವಿನಿಂದ ಸೊರಗಿದ ಹದಿನೈದಿಪ್ಪತ್ತು ಜನ ಅಪ್ಪನ ಸುತ್ತ ನೆಲದ ಮೇಲೆ ಕೂತಿದ್ದರು, ಅಪ್ಪನ ಬ್ರೇಕ್‌ವ್ಯಾನ್ ಕಥೆ ಲೋಂಡಾದ ಹತ್ತಿರ ಬಂದಿತ್ತು. ಪ್ಯಾರಿಸಿನ ವಕೀಲರೊಬ್ಬರು "ಆಮೇಲೆ? ಆಮೇಲೆ?" ಎನ್ನುತ್ತಿದ್ದರು. ಸಂಜೆಯ ಕೊನೆಯ ಪ್ರಾರ್ಥನೆಗೆ ಎಲ್ಲರೂ ಎದ್ದು ನಿಂತಾಗ, ಹತ್ತು ಜನ ಬೇಕಾಗುವ ಸಾಲುಗಳು ಬಂದವು. ಅಪ್ಪನ ಧ್ವನಿ ಅಭ್ಯಾಸದಂತೆ ಅಲ್ಲಿ ನಿಂತಿತು. ಒಂದು ಕ್ಷಣ ತಡವಾಗಿ, ಎಲ್ಲರಿಗಿಂತ ಗಟ್ಟಿಯಾಗಿ ಮತ್ತೆ ಎದ್ದಿತು. ನಾನು ಪರದೆಯ ಈ ಕಡೆ ಲೇಯಾಳ ಭುಜ ಹಿಡಿದು ನಿಂತಿದ್ದೆ, ನನಗೆ ಹಸಿವು ಎಂಬುದೇ ಇರಲಿಲ್ಲ.

ಚುಕ್ಕಿ ಕಂಡ ಮೇಲೆ ರಬ್ಬಿ ಅಪ್ಪನ ಕೈಗೆ ಒಂದು ಅಚ್ಚುಕಟ್ಟಾದ ಪುಟ್ಟ ಪಂಚಾಂಗ ಕೊಟ್ಟರು. ಪ್ರತಿ ಶುಕ್ರವಾರ ಎಷ್ಟು ಗಂಟೆಗೆ ದೀಪ ಹಚ್ಚಬೇಕು, ಯಾವ ಹಬ್ಬ ಯಾವಾಗ ಶುರು ಎಂದು ವಾಟ್ಸ್ಯಾಪ್ ಗ್ರೂಪಿಗೆ ತಿಳಿಸುವ ಕೆಲಸ ಇನ್ನು ಮುಂದೆ ನಿಮ್ಮದು ಎಂದರು. ತಾರೀಖು ತಪ್ಪಿದ ಮನುಷ್ಯನಿಗೇ ತಾರೀಖಿನ ಜವಾಬ್ದಾರಿ. ನಾನು ತಮಾಷೆಯೇನೋ ಎಂದುಕೊಂಡೆ. ಅಪ್ಪ ತಮಾಷೆ ಎಂದುಕೊಳ್ಳಲಿಲ್ಲ. ಮರುದಿನವೇ ಗ್ರೂಪಿನಲ್ಲಿ ಮೊದಲ ಮೆಸೇಜ್: "ಲ್ಯಾಂಪ್ಸ್ 18.00 ಅವರ್ಸ್. ರೈಟ್ ಟೈಮ್. ಸಾಲೊಮನ್, ಗಾರ್ಡ್." ಅದಕ್ಕೆ ಅರವತ್ತು ಹೆಬ್ಬೆಟ್ಟು ಬಿದ್ದವು. ಅಲ್ಲಿಂದ ಮುಂದೆ ಗುಡಿಸಲು ಹಬ್ಬ ಬಂತು, ಟೆರೇಸಿನ ಮೇಲೆ ಖರ್ಜೂರದ ಗರಿ ಹೊದಿಸಿ ಅದರಡಿ ಊಟ. ಪವಿತ್ರ ಗ್ರಂಥವನ್ನು ಎತ್ತಿಕೊಂಡು ಕುಣಿಯುವ ಹಬ್ಬ ಬಂತು. ಅಬುಧಾಬಿ ದುಬೈ ಹೆದ್ದಾರಿಯನ್ನು ಎಷ್ಟು ಸಲ ಅಳೆದೆವೋ ಲೆಕ್ಕವಿಲ್ಲ. ಅಪ್ಪ ಎಲ್ಲ ಕಡೆಯೂ ಐದು ನಿಮಿಷ ಮೊದಲೇ ಹಾಜರು.

ಆದರೆ ಅಕ್ಟೋಬರ್ ನಡುವಿಗೆ ದಸರೆ ಇತ್ತು. ಆ ಹದಿನೈದು ಉಪವಾಸಗಳ ವಿಚಾರ ಅಪ್ಪ ಮತ್ತೆ ಎತ್ತಿರಲಿಲ್ಲ. ಬಾಯಿ ಬಿಡದಿದ್ದರೂ ಒಳಗೆ ಅದು ಕೊರೆಯುತ್ತಲೇ ಇದೆಯೆಂದು ನನಗೆ ಗೊತ್ತಿತ್ತು. ಹುಬ್ಬಳ್ಳಿ ಲೆಕ್ಕದ ದಿನವೂ ಬಾಗಿಲು ಹಾಕಿಕೊಂಡು, ಎರಡನೆಯ ಸಲ ಹಸಿದು ಕೂತರೆ ಈ ವಯಸ್ಸಿನಲ್ಲಿ, ಸಕ್ಕರೆ ಕಾಯಿಲೆ ಬೇರೆ ಇಟ್ಟುಕೊಂಡು, ಗತಿಯೇನು? ಹಿಂದಿನ ಸಂಜೆ ಅಪ್ಪ ನನ್ನನ್ನು ಕರೆದು, "ನಾಕು ಕಿಲೋ ಅವಲಕ್ಕಿ, ಎಂಟು ತೆಂಗಿನಕಾಯಿ, ಐದು ಥರದ ಹಣ್ಣು, ಕಾಗದದ ತಾಟು ತಗೊಂಡು ಬಾ" ಎಂದರು. ನನಗೆ ತಕ್ಷಣ ಹೊಳೆಯಿತು. ಮಲೀದಾ. ಅವಲಕ್ಕಿಗೆ ಬೆಲ್ಲ, ಕಾಯಿತುರಿ, ಏಲಕ್ಕಿ ಕಲಸಿ, ಸುತ್ತ ಹಣ್ಣು ಜೋಡಿಸಿ, ನಮ್ಮ ಎಲಿಯಾಹು ಪ್ರವಾದಿಯನ್ನು ನೆನೆದು ಹಂಚುವ ತಟ್ಟೆ; ಹರಕೆ ತೀರಿದಾಗ, ಮನೆಗೆ ಒಳ್ಳೆಯದಾದಾಗ ಬೆನೆ ಇಸ್ರೇಲ್ ಜನ ಮಾಡುವುದು.

"ನಾಕು ಕಿಲೋ ಯಾರಿಗೆ ಅಪ್ಪಾ?"

"ಗ್ರೂಪಿನ್ಯಾಗ ಹಾಕೀನಿ, ನೋಡಿಲ್ಲೇನು?"

ನೋಡಿದೆ. "ಟುಮಾರೋ 11.00 ಅವರ್ಸ್. ಸಾಲೊಮನ್ ಹೌಸ್, ಅಬುಧಾಬಿ. ಡೋರ್ ಓಪನ್."

ಶುಕ್ರವಾರ, ರಜೆ. ಹನ್ನೊಂದಕ್ಕೆ ಎರಡು ನಿಮಿಷ ಇರುವಾಗ ಅಪ್ಪ ಫ್ಲ್ಯಾಟಿನ ಬಾಗಿಲನ್ನು ಅಗಲಕ್ಕೆ ತೆರೆದು, ಮುಚ್ಚದಂತೆ ತಮ್ಮ ಟ್ರಂಕನ್ನು ಅದಕ್ಕೆ ಒತ್ತಿ ಇಟ್ಟರು. ಜನ ಬಂದೇ ಬಂದರು. ದುಬೈಯಿಂದ ನಾಲ್ಕು ಕಾರು. ರಬ್ಬಿ, ಅವರ ಹೆಂಡತಿ, ಮೂರು ಮಕ್ಕಳು. ಬಾಗಿಲು ತೆರೆದಿದ್ದನ್ನು ಕಂಡು ಎದುರಿನ ಫ್ಲ್ಯಾಟಿನ ಮೈಸೂರಿನ ದಂಪತಿಗಳು ದಸರೆಯ ಶುಭಾಶಯ ಹೇಳಲು ಬಂದವರು ಒಳಗೇ ಉಳಿದರು. ಮೇಲಿನ ಮಹಡಿಯ ಮಂಗಳೂರಿನ ಫ್ಲೇವಿ ಬಾಯಿ ಕಾಯಿ ತುರಿಯಲು ನಿಂತರು. ಅಪ್ಪ ಬಿಳಿ ಅಂಗಿ ಹಾಕಿಕೊಂಡು ನಡುಮನೆಯಲ್ಲಿ ನಿಂತು ಪ್ರಾರ್ಥನೆ ಹೇಳಿದರು. ಗೊತ್ತಿದ್ದವರು ಜೊತೆಗೂಡಿದರು. ನನ್ನ ಕಣ್ಣು ಅಪ್ಪನ ಕೈ ಮೇಲೆಯೇ. ತಾವು ತಿನ್ನುತ್ತಾರೋ, ಬರೀ ಹಂಚುತ್ತಾರೋ?

ಪ್ಯಾರಿಸಿನ ವಕೀಲರು ಕೇಳಿದರು, "ಮಿಸ್ಟರ್ ಸಾಲೊಮನ್, ಇವತ್ತು ಯಾವ ಹಬ್ಬ? ನಮ್ಮ ಪಟ್ಟಿಯಲ್ಲಿ ಏನೂ ಇಲ್ಲವಲ್ಲ?"

ಅಪ್ಪ ನನ್ನ ಕಡೆ ತಿರುಗಿ, "ನೀನ ಅವರಿಗೆ ಇಂಗ್ಲಿಷ್‌ನ್ಯಾಗ ಹೇಳವಾ" ಎಂದರು. "ಹದಿನೈದು ವರ್ಷ ಈ ದಿನಾ, ಈ ಹೊತ್ತಿನ್ಯಾಗ ನಾ ಒಬ್ಬನ ಹಸಗೊಂಡು ಕುಂತೀನಿ. ಆ ಉಪವಾಸ ದೇವರ ಕಡೆ ಹೋಗಲಿಲ್ಲಂತ ರಬ್ಬಿನ ಹೇಳ್ಯಾರ. ಹೋಗಲಿಲ್ಲ ಅಂದ್ರ ಅವು ನನ್ನ ಕಡೇನ ಅದಾವು. ಇವತ್ತ ಹದಿನೈದೂ ಕೂಡಿಸಿ ಮುರೀತೀನಿ. ಒಬ್ಬಾಂವ ಅಲ್ಲ, ಎಲ್ಲಾರ ಕೂಡ."

ನಾನು ಒಂದು ಮಾತನ್ನೂ ಬಿಡದೆ ಹೇಳಿದೆ. ರಬ್ಬಿ ಒಂದು ಕಾಗದದ ತಟ್ಟೆಯನ್ನು ತುಂಬಿ ಎರಡೂ ಕೈಯಲ್ಲಿ ಹಿಡಿದು ಅಪ್ಪನಿಗೆ ಕೊಟ್ಟರು. ಅಪ್ಪ ತಿಂದರು. ಇನ್ನೊಂದು ತಟ್ಟೆ ಬಂತು, ಅದನ್ನೂ ತಿಂದರು. ಮೂರನೆಯದಕ್ಕೆ ನಾನು ಸಕ್ಕರೆ ಕಾಯಿಲೆ ನೆನಪು ಮಾಡಲು ಹೋದರೆ, "ಇನ್ನೂ ಹದಿಮೂರು ಬಾಕಿ ಅದಾವು, ನೀ ಸರಿ ಆ ಕಡೆ" ಎಂದು ಕೈ ಮುಂದೆ ಚಾಚಿದರು.